ಕೊನೆಯ ಮೂವತ್ತು ಪುಟಗಳು

ನಲವತ್ತೊಂದನೆಯ ಪುಟದಲ್ಲಿ ಅಣ್ಣತಮ್ಮಂದಿರಿಬ್ಬರು ಸತ್ತ ಅಪ್ಪನನ್ನು ಎಲ್ಲಿ ಹೂಳಬೇಕೆಂದು ಜಗಳವಾಡುತ್ತಿದ್ದರು. ಜಗಳವಾಡುತ್ತಲೇ ಒಂದೇ ಬಾಣಲೆಯೊಳಗಿನ ಕಾಳಿನ ಸಾರಿಗೆ ರೊಟ್ಟಿ ಅದ್ದಿ ತಿನ್ನುತ್ತಿದ್ದರು. ‘ಅವನನ್ನು ಕೊಂದದ್ದೇ ನೀನು’ ಎಂದು ಅಣ್ಣ ಹೇಳಿದರೆ ತಮ್ಮ ‘ಉಪ್ಪು ಈಚೆ ಕೊಡು’ ಎನ್ನುತ್ತಾನೆ. ಅಣ್ಣ ಉಪ್ಪು ಕೊಡುತ್ತಾನೆ. ಪುಟ ತಿರುಗಿಸಲು ಎತ್ತಿದ ಅಬ್ನರ್ ರೆಸ್ನಿಕ್‌ನ ಕೈ ಅಲ್ಲೇ ನಿಂತಿತು. ಇದು ಮೋ ಟೆಂಡ್ಲರನ ಬರವಣಿಗೆ. ರಟ್ಟಿನ ಮೇಲೆ ಎಡ್ವಿನ್ ಪಾರ್ಮ್ಲಿ ಅಂತ ಯಾರೂ ಕೇಳಿಲ್ಲದ ಹೆಸರು ಇದ್ದರೇನಾಯಿತು? ಹಾಲಿವುಡ್ಡಿನಲ್ಲಿ ಹದಿನೈದು ವರ್ಷ ಬರೆದವನಿಗೆ ಅಷ್ಟೂ ಗೊತ್ತಾಗುವುದಿಲ್ಲವೇ? ಜಗಳದ ನಡುವೆ ಉಪ್ಪು ಕೇಳುವವರು, ಅಳುತ್ತ ಆಲೂಗಡ್ಡೆ ಸುಲಿಯುವವರು, ಗಂಡನನ್ನು ಬಿಟ್ಟು ಹೊರಟ ಗಳಿಗೆಯಲ್ಲೂ ಒಲೆಯ ಮೇಲಿನ ಹಾಲು ಇಳಿಸಿಟ್ಟು ಹೊರಡುವವರು, ಇವರೆಲ್ಲ ಮೋನ ಮಂದಿ. ಅದನ್ನು ಪಾರ್ಟಿಗಳಲ್ಲಿ ಎಷ್ಟು ಸಲ ಹೊಗಳಿಲ್ಲ ತಾನು! ‘ಮೋ, ನಿನ್ನ ಪಾತ್ರಗಳಿಗೆ ಹಸಿವೆ ಇದೆ ಕಣಯ್ಯಾ, ನಮ್ಮವಕ್ಕೆ ಬರೀ ಸಿದ್ಧಾಂತ’ ಎಂದರೆ ಎಲ್ಲರೂ ನಗುತ್ತಿದ್ದರು, ಮೋ ನಾಚಿ ಕನ್ನಡಕ ಒರೆಸಿಕೊಳ್ಳುತ್ತಿದ್ದ, ಅವನ ಹೆಂಡತಿ ಹೆಟ್ಟಿ ಎಲ್ಲರಿಗೂ ಕಾಫಿ ಬಗ್ಗಿಸುತ್ತಿದ್ದಳು. ಅಬ್ನರ್ ಎದ್ದು ಕಿಟಕಿ ಮುಚ್ಚಿದ. ಯಾಕೆ ಮುಚ್ಚಿದೆನೆಂದು ತಿಳಿಯದೆ ಮತ್ತೆ ತೆರೆದ.

ಇವತ್ತು ಸಂಜೆ ಐದರೊಳಗೆ ಒಂದು ಮಾತು ಹೇಳಬೇಕು, ಅಷ್ಟೆ. ನಿನ್ನೆ ಈ ಚಿತ್ರಕಥೆಯನ್ನು ತಂದುಕೊಟ್ಟವನು ವೆಂಡೆಲ್ ಕ್ರೇಗ್. ಅಬ್ನರ್ ಬರೆದದ್ದಕ್ಕೆಲ್ಲ ಈಗ ಹೆಸರು ವೆಂಡೆಲನದು. ಹಿಂದೆ ರೇಡಿಯೋ ನಾಟಕಗಳಲ್ಲಿ ಪೊಲೀಸು, ಪಾದ್ರಿ ಆಗುತ್ತಿದ್ದ ಅವನಿಗೆ ಒಳ್ಳೆಯ ಎತ್ತರ, ಅದಕ್ಕಿಂತ ಒಳ್ಳೆಯ ಗಂಟಲು. ‘ಇದು ಚೆನ್ನಾಗಿದೆಯೋ ಇಲ್ಲವೋ ಹೇಳಿ, ಇಲ್ಲದಿದ್ದರೆ ನೀವೇ ತಿದ್ದಿ ಬರೆದುಕೊಡಿ ಅಂತ ನಿರ್ಮಾಪಕರು ನನಗೆ, ಅಂದರೆ ನಿಮಗೆ, ಹೇಳಿದ್ದಾರೆ ಸಾರ್’ ಎಂದಿದ್ದ. ಚೆನ್ನಾಗಿಲ್ಲ ಎಂದರೆ ಕೆಲಸ ಅಬ್ನರನದು. ನಾಲ್ಕು ತಿಂಗಳಿನಿಂದ ಇಲ್ಲದ ಕೆಲಸ. ಚೆನ್ನಾಗಿದೆ ಎಂದರೆ ಮೋನ ಅನ್ನ ಮೋನಿಗೆ. ಓದುವ ಮೊದಲು ಇದೆಲ್ಲ ಎಷ್ಟು ಸಲೀಸಾಗಿತ್ತು! ಪಾರ್ಮ್ಲಿ ಎಂಬ ಯಾವನೋ ಅಡ್ಡಕಸಬಿಯ ಕೆಲಸಕ್ಕೆ ಕಲ್ಲು ಹಾಕುವುದಕ್ಕೆ ಯಾರ ಅಪ್ಪಣೆ ಬೇಕಾಗಿತ್ತು?

ಯಾವ ಸ್ಟುಡಿಯೋವೂ ಕೆಲಸ ಕೊಡದವರ ಕಪ್ಪುಪಟ್ಟಿಗೆ ಅಬ್ನರ್ ಬಿದ್ದು ಎರಡು ವರ್ಷವಾಗಿತ್ತು. ವಾಷಿಂಗ್ಟನ್ನಿನಿಂದ ಬಂದ ಸಮಿತಿಯ ಮುಂದೆ, ದೀಪಗಳ ಕೆಳಗೆ ಬೆವರುತ್ತ ಕುಳಿತು, ನಿಮ್ಮ ಜೊತೆ ಕಮ್ಯುನಿಸ್ಟರ ಸಭೆಗಳಲ್ಲಿ ಯಾರ್ಯಾರಿದ್ದರು ಎಂದು ಹದಿನಾರು ಸಲ ಕೇಳಿದರೂ ಹದಿನಾರು ಸಲವೂ ಕಾನೂನಿನ ಆಸರೆ ಹಿಡಿದು ಉತ್ತರಿಸುವುದಿಲ್ಲ ಎಂದಿದ್ದ. ಜೀವಮಾನದಲ್ಲಿ ತಾನು ಮಾಡಿದ ಒಂದೇ ಒಂದು ನೆಟ್ಟಗಿನ ಕೆಲಸ ಅದು. ಹೆಂಡತಿಯ ಜೊತೆ ಜಗಳವಾದಾಗ, ಅಂಗಡಿಯವನು ಸಾಲ ಇಲ್ಲವೆಂದಾಗ, ಹದಿನೈದು ವರ್ಷ ಹೆಗಲ ಮೇಲೆ ಕೈ ಹಾಕುತ್ತಿದ್ದ ನಿರ್ದೇಶಕನೊಬ್ಬ ಎದುರಿಗೆ ಸಿಕ್ಕಿ ಷೂ ದಾರ ಕಟ್ಟಿಕೊಳ್ಳಲು ಬಗ್ಗಿದಾಗ (ಆ ಷೂಗಳಿಗೆ ದಾರವೇ ಇರಲಿಲ್ಲ) ಅಬ್ನರ್ ಆ ಹದಿನಾರನ್ನು ಒಳಗೊಳಗೇ ಎಣಿಸಿಕೊಳ್ಳುತ್ತಿದ್ದ. ಪಟ್ಟಿಯಲ್ಲಿದ್ದವರೆಲ್ಲ ಆಮೇಲೆ ಒಂದು ಕಟ್ಟಳೆ ಮಾಡಿಕೊಂಡರು. ಯಾರೂ ಯಾರನ್ನೂ ‘ಈಗ ಏನು ಬರೀತಿದ್ದೀಯ’ ಎಂದು ಕೇಳಬಾರದು. ಬಾಡಿಗೆಗೆ ಪಡೆದ ಹೆಸರನ್ನಂತೂ ಉಸುರಲೇಬಾರದು, ಹೆಂಡತಿಯ ಮುಂದೆ ಕೂಡ. ಗೊತ್ತಿಲ್ಲದ್ದನ್ನು ಯಾವ ಸಮಿತಿಯೂ ಬಾಯಿಬಿಡಿಸಲಾರದು, ಅಲ್ಲವೇ? ಹಾಗಾಗಿ ಹಿಂದೆ ಬರವಣಿಗೆ ಬಿಟ್ಟು ಬೇರೆ ಮಾತೇ ಇಲ್ಲದಿದ್ದವರು ಈಗ ಸೇರಿದರೆ ಹವಾಮಾನ, ಬೇಸ್‌ಬಾಲು, ಮೂಲವ್ಯಾಧಿಯ ಬಗ್ಗೆ ಮಾತಾಡಿ ಎದ್ದುಹೋಗುತ್ತಿದ್ದರು. ಒಬ್ಬನ ಕೈಗೆ ಹೊಸ ಗಡಿಯಾರ ಬಂದರೆ ಉಳಿದವರು ಗೋಡೆ ನೋಡುತ್ತಿದ್ದರು. ಮೋ ಹಾಸಿಗೆ ಕಾರ್ಖಾನೆಗೆ ಸೇರಿ ಹತ್ತಿ ತುಂಬುತ್ತಿದ್ದ. ‘ಬರೆಯೋದು ಬಿಟ್ಟೆ, ಈಗ ಜನ ನನ್ನ ಕೆಲಸದ ಮೇಲೆ ರಾಜಾರೋಷವಾಗಿ ನಿದ್ದೆ ಮಾಡ್ತಾರೆ’ ಎಂದು ಅವನು ಹೇಳಿದ್ದನ್ನು ಎಲ್ಲರೂ ನಂಬಿದಂತೆ ನಟಿಸಿದ್ದರು. ಯಾರು ಏನು ಹೇಳಿದರೂ ನಂಬಿದಂತೆ ನಟಿಸುವುದೇ ಮರ್ಯಾದೆಯಾಗಿತ್ತು.

ಮುಂದಿನ ಪುಟಗಳನ್ನು ಅಬ್ನರ್ ನಿಂತುಕೊಂಡೇ ಓದಿದ. ಉಪ್ಪು ಬಯಲಿನ ನಡುವೆ, ಕುದುರೆಗಾಡಿಗಳು ತಂಗುವ ಒಂಟಿ ಮನೆ. ಅಲ್ಲಿ ಬಂದವರಿಗೆಲ್ಲ ಬೇಯಿಸಿ ಹಾಕುವ ಒಬ್ಬ ವಿಧವೆ. ಎಂಥ ಹೆಂಗಸು ಅವಳು! ಮೋ ಇಂಥ ಹೆಂಗಸನ್ನು ಹಿಂದೆಂದೂ ಬರೆದಿರಲಿಲ್ಲ, ಯಾರೂ ಬರೆದಿರಲಿಲ್ಲ. ಓದುತ್ತ ಓದುತ್ತ ಹೊಟ್ಟೆಯಲ್ಲಿ ಏನೋ ಉರಿಯತೊಡಗಿತು. ಬೆಳಗಿನ ಕಾಫಿ ಇರಬೇಕೆಂದುಕೊಂಡ. ಕಾಫಿ ಅಲ್ಲವೆಂದು ಗೊತ್ತಿತ್ತು. ಹತ್ತಿ ತುಂಬುವವನು ಇಷ್ಟು ಬೆಳೆದುಬಿಟ್ಟನೇ, ತಾನಿಲ್ಲಿ ವೆಂಡೆಲನ ಗಂಟಲಿಗೆ ಹೊಂದುವ ಮಾತು ಹೊಸೆಯುತ್ತ ಕೂತಿರುವಾಗ? ಆದರೆ ತೊಂಬತ್ತನೆಯ ಪುಟದ ಮೇಲೆ ಕಥೆ ಕುಸಿಯಿತು. ಷೆರೀಫ್ ಬಂದು ಭಾಷಣ ಬಿಗಿದ, ವಿಧವೆ ಕಾರಣವಿಲ್ಲದೆ ಅತ್ತಳು, ಯಾರೋ ಯಾರನ್ನೋ ಕ್ಷಮಿಸಿದರು. ಕೊನೆಯ ಮೂವತ್ತು ಪುಟ ಬರೀ ಹೊಟ್ಟು. ಅಬ್ನರನಿಗೆ ಎಷ್ಟು ಹಗುರವಾಯಿತೆಂದರೆ ಕುರ್ಚಿಯಲ್ಲಿ ಕೂತೇಬಿಟ್ಟ. ಕಾಗದ ತೆಗೆದು ‘ಅಂತ್ಯ ತೀರಾ ದುರ್ಬಲ’ ಎಂದು ಬರೆದ. ಸುಳ್ಳೇನೂ ಅಲ್ಲವಲ್ಲ. ಸುಳ್ಳಲ್ಲದ್ದನ್ನೇ ಅಲ್ಲವೇ ಆ ಸಮಿತಿಯೂ ಕೇಳಿದ್ದು? ಕಾಗದ ಹರಿದ. ಇನ್ನೊಂದು ತೆಗೆದು ಅದನ್ನೇ ಮತ್ತೆ ಬರೆದ. ಮತ್ತೆ ಹರಿದ.

ಹನ್ನೊಂದಕ್ಕೆ ಔಷಧಿ ಅಂಗಡಿಯ ಹಿಂದಿನ ಬಯಲಿನಲ್ಲಿ ವೆಂಡೆಲ್ ಕಾರು ನಿಲ್ಲಿಸಿಕೊಂಡು ಕಾಯುತ್ತಿದ್ದ. ಸ್ಟುಡಿಯೋದಲ್ಲಿ ಚರ್ಚೆ ಇದ್ದಾಗಲೆಲ್ಲ ಅಬ್ನರ್ ಇದೇ ಅಂಗಡಿಯ ಟೆಲಿಫೋನ್ ಗೂಡಿನಲ್ಲಿ ಕಾದಿರುತ್ತಿದ್ದ. ಚರ್ಚೆ ನಡುವೆ ವೆಂಡೆಲ್ ಹೊಟ್ಟೆ ಕೆಟ್ಟಿದೆಯೆಂದು ಎದ್ದು ಬಂದು ಫೋನ್ ಮಾಡಿ ‘ನಾಯಕಿ ಯಾಕೆ ಸುಳ್ಳು ಹೇಳ್ತಾಳೆ ಸಾರ್?’ ಎಂದು ಕೇಳಿ, ಉತ್ತರ ಬಾಯಿಪಾಠ ಮಾಡಿಕೊಂಡು ವಾಪಸ್ಸು ಹೋಗುತ್ತಿದ್ದ. ಒಮ್ಮೆ ಅಬ್ನರ್ ಹೇಳಿಕೊಟ್ಟ ಮಾತನ್ನು ಅವನು ಎಷ್ಟು ಗದ್ಗದವಾಗಿ ಒಪ್ಪಿಸಿದನೆಂದರೆ ಅಲ್ಲಿದ್ದವರು ಎದ್ದು ಕೈಕುಲುಕಿದರಂತೆ. ಅದನ್ನು ಹೇಳುವಾಗ ವೆಂಡೆಲನ ಕಣ್ಣಲ್ಲಿ ನಿಜವಾಗಿ ನೀರಿತ್ತು. ಅಬ್ನರ್ ‘ಭಲೆ’ ಎಂದು ಅವನ ಬೆನ್ನು ತಟ್ಟಬೇಕಾಯಿತು.

“ಏನು ಹೇಳಲಿ ಸಾರ್? ಎಕ್ಕುಟ್ಟೋಗಿದೆ ಅಂತ ಹೇಳಿಬಿಡಲಾ?”

“ಯಾಕಯ್ಯಾ, ಅಷ್ಟು ಆತುರ?”

“ನನಗೇನು ಆತುರ, ನಿಮಗೇ ಕೆಲಸ ಬೇಕಲ್ಲ ಅಂದೆ. ಒಂದು ಮಾತು. ಚೆನ್ನಾಗಿಲ್ಲ ಅಂದ್ರೆ ಆ ಪಾರ್ಮ್ಲಿಯನ್ನ ಅಲ್ಲಿಗೆ ಕೈಬಿಡ್ತಾರಂತೆ. ಕೊಡಬೇಕಾದ ದುಡ್ಡೂ ಕೊಡಲ್ವಂತೆ. ಆ ಮನುಷ್ಯ ಆಫೀಸಿಗೇ ಬರಲ್ಲವಂತೆ ಸಾರ್, ಎಲ್ಲ ಟಪಾಲಿನಲ್ಲೇ. ಯಾರೋ ನಿಮ್ಮಂಥವರೇ ಇರಬೇಕು.” ವೆಂಡೆಲ್ ನಕ್ಕ. ಆಮೇಲೆ ನಗಬಾರದಿತ್ತೆಂದು ತೋರಿ ಕತ್ತಿನ ಟೈ ಸರಿಮಾಡಿಕೊಂಡ. “ಐದು ಗಂಟೆವರೆಗೆ ಮನೇಲೇ ಇರ್ತೀನಿ. ಹೂ ಅಥವಾ ಊಹೂ, ಅಷ್ಟು ಸಾಕು.”

ನಿಮ್ಮಂಥವರು. ಅಬ್ನರ್ ತನ್ನ ಹಳೆಯ ಕಾರನ್ನು ಮೋ ಇರುವ ಬಾಯ್ಲ್ ಹೈಟ್ಸ್ ಬಡಾವಣೆಯ ಕಡೆ ಓಡಿಸಿದ. ಮೋನ ಮನೆಗೆ ಹೋಗಬೇಕೆಂದು ಹೊರಟದ್ದಲ್ಲ, ಸುಮ್ಮನೆ ಆ ಕಡೆ, ಎಂದು ತನಗೆ ತಾನೇ ಹೇಳಿಕೊಂಡ. ಮೋನ ಬೀದಿಯನ್ನು ಎರಡು ಸಲ ದಾಟಿ ಮುಂದೆ ಹೋದ. ಹೋಗಿ ಏನು ಹೇಳುವುದು? ನಿನ್ನ ಕತ್ತು ನನ್ನ ಕೈಯಲ್ಲಿದೆ ಎನ್ನುವುದೇ? ಹಾಗೆಂದರೆ ಕಟ್ಟಳೆ ಮುರಿದಂತೆ. ಹೇಳದೆ ‘ಚೆನ್ನಾಗಿದೆ’ ಎಂದುಬಿಟ್ಟರೆ? ಆ ಹೊಟ್ಟು ಮೂವತ್ತು ಪುಟ ಹಾಗೆಯೇ ಪರದೆಗೆ ಹೋಗುತ್ತದೆ. ನಾಳೆ ನಿರ್ಮಾಪಕ ‘ವೆಂಡೆಲ್ ಕ್ರೇಗನಿಗೆ ಬುದ್ಧಿ ಇಲ್ಲ’ ಎನ್ನುತ್ತಾನೆ, ಅಲ್ಲಿಗೆ ತನ್ನ ಬಾಗಿಲೂ ಮುಚ್ಚಿತು. ಅತ್ತ ದರಿ, ಇತ್ತ ಪುಲಿ. ಮೂರನೆಯ ಸಲ ಬೀದಿ ತಿರುಗಿದಾಗ ಉಪಾಯ ಹೊಳೆಯಿತು. ತನ್ನದೇ ಒಂದು ಕಥೆಯೆಂಬಂತೆ ಅವನ ಕಥೆಯನ್ನು ಅವನಿಗೇ ಹೇಳುವುದು, ಅಂತ್ಯವನ್ನು ಹೀಗೆ ಮಾಡಬೇಕೆಂದಿದ್ದೇನೆ ಎನ್ನುವುದು. ಮೋ ಜಾಣ, ಅರ್ಥಮಾಡಿಕೊಳ್ಳುತ್ತಾನೆ, ತಾನೇ ಮುಂದಾಗಿ ‘ಅಂತ್ಯ ತಿದ್ದಿಕೊಡುತ್ತೇನೆ’ ಎಂದು ಟಪಾಲು ಬರೆಯುತ್ತಾನೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ತನ್ನ ಕೆಲಸ ಹೋಗುತ್ತದಲ್ಲ ಎಂಬುದು ಆ ಉತ್ಸಾಹದಲ್ಲಿ ದೊಡ್ಡದಾಗಿ ಕಾಣಲಿಲ್ಲ. ತಾನು ಒಳ್ಳೆಯವನೆಂಬ ಭಾವನೆ ಬಂದು ಎಷ್ಟೋ ದಿನವಾಗಿತ್ತು.

ಬಾಗಿಲು ತೆಗೆದವಳು ಹೆಟ್ಟಿ. ಮುಂಗೈವರೆಗೆ ಹಿಟ್ಟು. “ಬಾ ಬಾ. ದಾರಿ ತಪ್ಪಿ ಬಂದ್ಯೋ, ನೆನಪಿಟ್ಟು ಬಂದ್ಯೋ? ಗುರುವಾರ ಅವನಿಗೆ ರಜಾ, ಹಿತ್ತಿಲಲ್ಲಿ ಕುರ್ಚಿಗೆ ಮೊಳೆ ಹೊಡೀತಾ ಇದಾನೆ. ಕುರ್ಚಿ ಮುರಿದಿರಲಿಲ್ಲ. ಈಗ ಮುರಿದಿದೆ.” ಅವಳು ನಕ್ಕಾಗ ಅವನಿಗೂ ನಗು ಬಂತು. ಮೋ ನಿಂಬೆಗಿಡದ ಕೆಳಗೆ ಕೂತಿದ್ದ. ಹುಬ್ಬಿನಲ್ಲಿ ಹತ್ತಿಯ ಎಳೆ ಸಿಕ್ಕಿಕೊಂಡಿತ್ತು. ಹತ್ತು ವರ್ಷ ಹೆಚ್ಚಾದವನಂತೆ ಕಾಣುತ್ತಿದ್ದ. ಹವಾಮಾನ ಮುಗಿಯಿತು, ಬೇಸ್‌ಬಾಲ್ ಮುಗಿಯಿತು. ಅಡಿಗೆಮನೆಯ ತೆರೆದ ಕಿಟಕಿಯಿಂದ ಹಿಟ್ಟು ನಾದುವ ಸದ್ದು ಕೇಳುತ್ತಿತ್ತು. ಅಬ್ನರ್ ಗಂಟಲು ಸರಿಮಾಡಿಕೊಂಡು ಕಥೆ ಶುರುಮಾಡಿದ. ಉಪ್ಪು ಬಯಲು, ಒಂಟಿ ಮನೆ, ವಿಧವೆ. ಹೇಳುತ್ತ ಮೋನ ಮುಖವನ್ನೇ ನೋಡುತ್ತಿದ್ದ. ಆ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ನಾದುವ ಸದ್ದು ಮಾತ್ರ ನಿಂತಿತು. ಅದನ್ನು ಅಬ್ನರ್ ಆಗ ಗಮನಿಸಲಿಲ್ಲ, ಆಮೇಲೆ ನೆನಪಾಯಿತು.

“ಚೆನ್ನಾಗಿದೆ ಕಣೋ,” ಎಂದ ಮೋ. “ವಿಧವೆ ಚೆನ್ನಾಗಿದಾಳೆ. ಬರಿ.”

“ಅಂತ್ಯ ಕೂತ್ಕೊಳ್ತಾ ಇಲ್ಲ. ಷೆರೀಫ್ ಬಂದು ಭಾಷಣ ಮಾಡಿದ್ರೆ ಹೇಗೆ?”

“ಥೂ. ಷೆರೀಫ್ ಯಾಕೆ ಬೇಕು? ಅವಳು ಅಡಿಗೆ ಮಾಡೋದು ನಿಲ್ಲಿಸಿದ್ರೆ ಸಾಕು. ಗಾಡಿಗಳು ಬರ್ತವೆ, ಒಲೆ ಹತ್ತಿಲ್ಲ. ಮುಗೀತು.”

ಅಬ್ನರ್ ದಂಗಾದ. ತಾನು ಬೆಳಗಿನಿಂದ ತಡಕಿದ ಅಂತ್ಯ ಅದೇ, ಅದಕ್ಕಿಂತ ಚೆನ್ನಾಗಿದೆ. ಹಾಗಾದರೆ ಗೊತ್ತಿದ್ದೂ ಯಾಕೆ ಹೊಟ್ಟು ಬರೆದ? ಈಗ ಗೊತ್ತಿಲ್ಲದವನಂತೆ ಹೇಗೆ ಮೊಳೆ ಆರಿಸುತ್ತಿದ್ದಾನೆ ನೋಡು! ಎಂಥ ನಟ! ವೆಂಡೆಲ್ ಇವನ ಕಾಲು ತೊಳೆಯಬೇಕು. ಪ್ರಾಣಸ್ನೇಹಿತನ ಮುಂದೂ ಕರಗದ ಈ ನಟನೆ ಅಬ್ನರನನ್ನು ಕೆರಳಿಸಿತು. ತಾನು ಅನ್ನ ಬಿಟ್ಟುಕೊಡಲು ಬಂದವನು. ಒಂದು ಕಣ್ಸನ್ನೆಗಾದರೂ ಯೋಗ್ಯನಲ್ಲವೇ?

“ಸಾಕು ಮಾಡೋ ಮೋ. ನನ್ನ ಹತ್ರ ಬೇಡ. ಓದಿದೀನಿ. ಐದು ಗಂಟೆಗೆ ಅಭಿಪ್ರಾಯ ಹೇಳಬೇಕಾದವನೂ ನಾನೇ. ಉಪ್ಪು ಈಚೆ ಕೊಡು ಅಂತ ಇನ್ಯಾರು ಬರೀತಾರೆ? ಪಾರ್ಮ್ಲಿ ಅಂತ ಹೆಸರಿಟ್ಟುಕೊಂಡ್ರೆ ನನಗೆ ಗೊತ್ತಾಗಲ್ವಾ?”

ಮೋ ಸುತ್ತಿಗೆಯನ್ನು ಮೆಲ್ಲಗೆ ಕೆಳಗಿಟ್ಟ. “ಯಾರು?”

“ಎಡ್ವಿನ್ ಪಾರ್ಮ್ಲಿ.”

“ಎಡ್ವಿನ್ ಪಾರ್ಮ್ಲಿ ಹಲ್ಲಿನ ಡಾಕ್ಟರು,” ಎಂದ ಮೋ. “ಹೆಟ್ಟಿ ಬೆಳಿಗ್ಗೆ ಹೊತ್ತು ಕೆಲಸ ಮಾಡೋದು ಅವನ ಹತ್ರ.”

ಇಬ್ಬರೂ ಕಿಟಕಿಯ ಕಡೆ ನೋಡಲಿಲ್ಲ. ಅಯ್ಯೋ, ಮೋ ನಟಿಸುತ್ತಿರಲಿಲ್ಲ. ಇಷ್ಟು ಹೊತ್ತೂ ನಿಜ ಹೇಳುತ್ತಿದ್ದ. ನಿಜ ಹೇಳುವವನನ್ನು ಗುರುತಿಸುವುದೇ ತನಗೆ ಮರೆತುಹೋಗಿದೆ. ಮೋ ನಿಜವಾಗಿಯೂ ಬರೆಯುವುದನ್ನು ಬಿಟ್ಟಿದ್ದ. ಅವನು ಹತ್ತಿ ತುಂಬಲು ಹೋದಾಗ ಅವಳು ಇಲ್ಲಿ, ಅಡಿಗೆಮನೆಯ ಮೇಜಿನ ಮೇಲೆ, ಹದಿನೈದು ವರ್ಷ ಅವನದನ್ನು ಟೈಪು ಮಾಡಿದ ಅದೇ ಯಂತ್ರದಲ್ಲಿ... ಏನಾದರೂ ಹೇಳಿ ಮುಚ್ಚಿಹಾಕಬೇಕು, ತಪ್ಪಾಯಿತು, ಬೇರೆ ಯಾರೋ ಪಾರ್ಮ್ಲಿ ಎನ್ನಬೇಕು. ಸುಳ್ಳು ಹೆಣೆದು ಬದುಕುವವನಿಗೆ ಆ ಗಳಿಗೆಯಲ್ಲಿ ಒಂದೂ ಸುಳ್ಳು ಹುಟ್ಟಲಿಲ್ಲ.

“ಊಟದ ಆ ದೃಶ್ಯಗಳು,” ಎಂದ ಮೋ, ಯಾರದೋ ಸಂಗತಿ ಹೇಳುವವನಂತೆ, “ನಾನು ಬರೆದದ್ದಲ್ಲ. ಜಗಳ ನಾನು ಬರೀತಿದ್ದೆ. ಟೈಪ್ ಮಾಡುವಾಗ ಅವಳು ತಟ್ಟೆ ಇಡ್ತಿದ್ದಳು, ಉಪ್ಪು ಕೇಳಿಸ್ತಿದ್ದಳು. ಚೆನ್ನಾಗಿತ್ತು, ಬಿಟ್ಟೆ. ಆಮೇಲೆ ನೀವೆಲ್ಲ ಅದನ್ನೇ ಹೊಗಳೋಕೆ ಶುರುಮಾಡಿದ್ರಿ. ಆಗ ಹೇಗೆ ಹೇಳೋದು?” ಹುಬ್ಬು ಉಜ್ಜಿಕೊಂಡ. ಹತ್ತಿಯ ಎಳೆ ಅಲ್ಲೇ ಉಳಿಯಿತು. “ನಾನು ಬಿಟ್ಟೆ ಅಂತ ಅವಳೂ ಬಿಟ್ಟಿದಾಳೆ ಅಂದ್ಕೊಂಡಿದ್ದೆ. ಸಂಜೆ ಕೂತು ಇಬ್ರೂ ಇಸ್ಪೀಟ್ ಆಡ್ತಿದ್ವಿ ಕಣೋ.”

ಹೆಟ್ಟಿ ಹಿತ್ತಿಲ ಬಾಗಿಲಿಗೆ ಬಂದು ನಿಂತಿದ್ದಳು. ಕೈ ತೊಳೆದಿರಲಿಲ್ಲ. ಮೋ ಅವಳ ಕಡೆ ತಿರುಗಲಿಲ್ಲ. ಅಬ್ನರನನ್ನೇ ನೋಡುತ್ತ ಕೇಳಿದ:

“ಚೆನ್ನಾಗಿದೆಯಾ?”

“ಮೋ...”

“ನನ್ನದಕ್ಕಿಂತ ಚೆನ್ನಾಗಿದೆಯಾ? ಅದೊಂದು ಹೇಳು.”

ಇಲ್ಲ ಎಂದರೆ ಮೋ ಇವತ್ತು ರಾತ್ರಿ ನಿದ್ದೆ ಮಾಡುತ್ತಾನೆ. ಇಲ್ಲ ಎಂದರೆ ಅವಳು ಇನ್ನು ಬರೆಯುವುದಿಲ್ಲ, ಗಂಡನ ಮುಖ ನೋಡಿ ಬರೆಯುವುದಿಲ್ಲ. ಐದು ಗಂಟೆಗೆ ಕೆಲಸವೂ ತನ್ನ ಬಾಗಿಲಿಗೇ ಬರುತ್ತದೆ. ಒಂದು ‘ಇಲ್ಲ’ದಲ್ಲಿ ಎಷ್ಟೊಂದು ಅನುಕೂಲ! ಹದಿನಾರು ಸಲ ಉತ್ತರ ಕೊಡುವುದಿಲ್ಲ ಎಂದ ಬಾಯಿ ಇದು. ಇಲ್ಲಿ ಹಾಗೆನ್ನಲು ಬೆನ್ನಿಗೆ ಯಾವ ಕಾನೂನೂ ಇರಲಿಲ್ಲ, ಸುಮ್ಮನಿದ್ದರೂ ಅದು ಉತ್ತರವೇ. ಅಬ್ನರ್ ಬೆಳಿಗ್ಗೆ ಹೊಟ್ಟೆಯಲ್ಲಿ ಎದ್ದ ಉರಿಯನ್ನು ನೆನೆದುಕೊಂಡ. ಮೋನನ್ನು ಓದಿ ಅವನಿಗೆ ಎಂದೂ ಹೊಟ್ಟೆ ಉರಿದಿರಲಿಲ್ಲ. ಪ್ರೀತಿ ಬಂದಿತ್ತು, ಅಷ್ಟೆ.

“ಹೌದು,” ಎಂದ. “ನಿನ್ನದಕ್ಕಿಂತ, ನನ್ನದಕ್ಕಿಂತ. ತೊಂಬತ್ತನೇ ಪುಟದವರೆಗೆ.”

ಮೋ ತಲೆಯಾಡಿಸಿದ. ಬಹಳ ಹೊತ್ತು ತಲೆಯಾಡಿಸುತ್ತಲೇ ಇದ್ದ. ಆಮೇಲೆ ಎದ್ದು, ಹೆಟ್ಟಿಗೆ ತಾಗದಂತೆ ಬಾಗಿಲಲ್ಲಿ ಓರೆಯಾಗಿ ದಾಟಿ ಒಳಗೆ ಹೋಗಿ, ಪಡಸಾಲೆಯ ಟೆಲಿಫೋನನ್ನು ತಂತಿ ಎಟುಕುವವರೆಗೆ ಹಿತ್ತಿಲ ಬಾಗಿಲಿನ ಹತ್ತಿರಕ್ಕೆ ಎಳೆದು ತಂದ. ಆ ಫೋನನ್ನು ಸರ್ಕಾರದವರು ಕದ್ದು ಕೇಳುತ್ತಾರೆಂದು ಎರಡು ವರ್ಷದಿಂದ ಅದರಲ್ಲಿ ಯಾರೂ ತರಕಾರಿ ಬೆಲೆಗಿಂತ ಹೆಚ್ಚು ಮಾತಾಡಿರಲಿಲ್ಲ. “ಮಾಡು,” ಎಂದ. “ಇಲ್ಲೇ ಮಾಡು, ನಮ್ಮ ಮುಂದೆ.”

ವೆಂಡೆಲ್ ಮೊದಲ ಗಂಟೆಗೇ ಎತ್ತಿಕೊಂಡ. “ಹೂವಾ, ಊಹೂವಾ ಸಾರ್?”

“ಮೊದಲ ತೊಂಬತ್ತು ಪುಟದಲ್ಲಿ ಒಂದಕ್ಷರ ಮುಟ್ಟಬಾರದು ಅಂತ ಹೇಳು. ಕೊನೆಯ ಮೂವತ್ತು ಮತ್ತೆ ಬರೀಬೇಕು. ಬರೆದವರೇ ಬರೀಬೇಕು. ಬೇರೆ ಯಾರು ಮುಟ್ಟಿದ್ರೂ ಹಾಳಾಗತ್ತೆ.”

“ಅಂದ್ರೆ ನಾವಲ್ವಾ?”

“ನಾವಲ್ಲ.”

“ನಿಮಗೆ ತಲೆ ಕೆಟ್ಟಿದೆಯಾ ಸಾರ್? ನಾಲ್ಕು ತಿಂಗಳಿಂದ...”

ಅಬ್ನರ್ ಫೋನಿಟ್ಟ. ಮೋ ಆಗಲೇ ಟೊಪ್ಪಿ ಹಾಕಿಕೊಂಡಿದ್ದ. “ಸ್ವಲ್ಪ ಅಡ್ಡಾಡಿಕೊಂಡು ಬರ್ತೀನಿ,” ಎಂದು ಇಬ್ಬರಿಗೂ ಸೇರಿಸಿ ಹೇಳಿ ಮುಂಬಾಗಿಲಿನಿಂದ ಹೊರಟ. ಅವನ ಹೆಜ್ಜೆ ಮೆಟ್ಟಲಿಳಿಯುವುದನ್ನು, ಬೀದಿಗೆ ತಲುಪಿ ಯಾವ ಕಡೆ ಹೋಗುವುದೆಂದು ತಿಳಿಯದೆ ನಿಂತದ್ದನ್ನು, ಆಮೇಲೆ ಎಡಕ್ಕೆ ಹೊರಟದ್ದನ್ನು ಇಬ್ಬರೂ ನಿಂತು ಕೇಳಿದರು.

“ಅವನಿಗೆ ನಾನೇ ಹೇಳ್ತಿದ್ದೆ,” ಎಂದಳು ಹೆಟ್ಟಿ. “ಒಂದು ಚೆಕ್ ಬಂದಮೇಲೆ, ಒಂದು ಒಳ್ಳೆ ದಿನ ನೋಡಿ, ಅವನ ಕೈಲೇ ಅಂತ್ಯ ಬರೆಸಿ. ಅದಕ್ಕೇ ಅಂತ ಕೆಟ್ಟದಾಗಿ ಬಿಟ್ಟಿದ್ದೆ ಕಣೋ ಅದನ್ನ. ಕೆಟ್ಟದಾಗಿ ಬರೆದದ್ದು ಕಂಡ್ರೆ ಅವನ ಕೈ ಸುಮ್ಮನಿರಲ್ಲ.”

ನಾಚಿಕೆಯಿಂದ ಅಬ್ನರನ ಕಿವಿ ಸುಡುತ್ತಿತ್ತು. ಷೆರೀಫ್ ಬೇಡ, ಒಲೆ ಆರಿಸು ಎಂದು ಮೋ ಈಗಷ್ಟೇ ಬಾಯಲ್ಲಿ ಬರೆದ ಅಂತ್ಯ ಗಾಳಿಯಲ್ಲಿ ಹೋಯಿತು. ಇನ್ನು ಅದನ್ನು ಬರೆದುಕೊಡು ಎಂದು ಅವಳು ಕೇಳಲಾರಳು, ಅವನು ಕೊಡಲಾರ. ಹೆಟ್ಟಿ ಏಪ್ರನ್ನಿಗೆ ಕೈ ಒರೆಸಿಕೊಂಡು ಅಡಿಗೆಮನೆಯೊಳಗೆ ಹೋಗಿ, ಖಾನೆಯಿಂದ ಒಂದು ಹಳೆ ಲಕೋಟೆ, ಪೆನ್ಸಿಲ್ ತೆಗೆದು ಮೇಜಿನ ಮುಂದೆ ಕೂತಳು.

“ತೊಂಬತ್ತರಲ್ಲಿ ಎಲ್ಲಿಂದ ಬಿದ್ದುಹೋಗತ್ತೆ? ಸರಿಯಾಗಿ ಹೇಳು.”

“ತೊಂಬತ್ತೊಂದು. ಷೆರೀಫ್ ಕುದುರೆ ಇಳಿದಾಗಿನಿಂದ.”

“ಆಮೇಲೆ?”

“ತೊಂಬತ್ತೇಳರಲ್ಲಿ ಅವಳು ಅಳಬಾರದು. ನೂರ ನಾಲ್ಕು ಪೂರ್ತಿ ಬೇಡ. ನೂರ ಹನ್ನೊಂದರಲ್ಲಿ ಆ ತಮ್ಮ ಅಣ್ಣನ ಕ್ಷಮೆ ಕೇಳೋದು...”

ಅವಳು ಒಂದೊಂದನ್ನೂ ಬರೆದುಕೊಂಡಳು. ಎರಡು ಕಡೆ ‘ಇಲ್ಲ, ಅದು ಇರಲಿ’ ಎಂದು ವಾದಿಸಿದಳು, ಒಂದು ಕಡೆ ಅವಳ ಮಾತೇ ಸರಿಯಾಗಿತ್ತು. ಎಲ್ಲ ಮುಗಿದ ಮೇಲೆ ಲಕೋಟೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡು ಎದ್ದಳು. ಅವನ ಟೊಪ್ಪಿಯನ್ನು ಗೂಟದಿಂದ ತೆಗೆದು ಅವನ ಕೈಗೆ ಕೊಟ್ಟಳು.

“ಇನ್ನು ಈ ಮನೆಗೆ ಬರಬೇಡ ಅಬ್ನರ್,” ಎಂದಳು.